ಅವ್ವನ ಹೊಟ್ಟೆಯ ಅತಿಥಿಗಳು

ಗೆಳೆಯರೇ, ಇಂದು ನಮ್ಮ ಅವ್ವ ಸೋಮವಾರದ ಉಪವಾಸ ಮುರಿದಳು. ಮುರಿದಿಲ್ಲ ಎಂಬುದು ಅವಳ ವಾದ. ನೀವೇ ಹೇಳಿ.

ಸಂಜೆಯ ಪೂಜೆಯಾಗದೆ ಅವಳು ಏನನ್ನೂ ಬಾಯಿಗೆ ಹಾಕುವುದಿಲ್ಲ. ರೇಡಿಯೊದಲ್ಲಿ ಮಧ್ಯಾಹ್ನದ ವಾರ್ತೆ ಬರುವ ಹೊತ್ತಿಗೆ ತಲೆ ತಿರುಗಿ ಜಮಖಾನೆಯ ಮೇಲೆ ಕುಸಿದು ಕುಳಿತಳು. ನಾನು ಬೇಡಿಕೊಂಡೆ, ಬೈದೆ. ಜಗ್ಗಲಿಲ್ಲ. ಕೊನೆಗೆ ಧಾರವಾಡದಲ್ಲಿ ಬಿ.ಎಸ್ಸಿ. ಓದುವ ನನ್ನ ಮಗಳು ಅವಳ ಪಕ್ಕ ಕುಳಿತಳು.

“ಆಯಿ, ನಿನ್ನ ಹೊಟ್ಟ್ಯಾಗ ಕಣ್ಣಿಗೆ ಕಾಣದ ಜೀವ ಭಾಳ ಅದಾವು. ಜ್ವಾಳದ ರೊಟ್ಟಿ, ಹಕ್ಕರಕಿ ಸೊಪ್ಪಿನ್ಯಾಗ ನಮಗ ಕರಗಲಾರದ ನಾರು, ಒಗರು ಇರತೈತಲ್ಲ, ಅದ ಅವಕ್ಕ ಊಟ. ಅದನ್ನ ಉಂಡು ನಿನ್ನ ಕರಳು ಕಾಯ್ತಾವು.”

ಅವ್ವ ಹೌಹಾರಿದಳು. “ಅಯ್ಯ ಶಿವನ! ಮುಂಜಾನಿಂದ ಅವೂ ಹಸದಾವೇನ?”

ಮಗಳು ನಗು ತಡೆದು “ಹೂಂ” ಎಂದಳು.

ಮನೆಗೆ ಬಂದವರನ್ನು ಉಣ್ಣಿಸದೆ ಕಳಿಸಿದವಳಲ್ಲ ಅವ್ವ. ತಾನೇ ರೊಟ್ಟಿ ತರಿಸಿ, ಹಸಿ ಹಕ್ಕರಕಿ ಸುತ್ತಿ ತಿಂದಳು.

“ಅವ್ವಾ, ಉಪವಾಸ?” ಎಂದೆ.

“ನಾ ಎಲ್ಲಿ ಉಂಡೇನಿ? ಅವಕ್ಕ ನೀಡೇನಿ.” ಆಮೇಲೆ ಮೊಮ್ಮಗಳಿಗೆ, “ಬರೇ ಸೊಪ್ಪು ಅವಕ್ಕ ಸಪ್ಪಗ ಆಗತೈತಿ. ಗುರೆಳ್ಳ ಚಟ್ನಿ ತಾ.”

ಚಟ್ನಿಯಾದ ಮೇಲೆ ಅವು ಒಂದು ಲೋಟ ಮಜ್ಜಿಗೆಯನ್ನೂ ಕೇಳಿದವಂತೆ.