ಬಂದೂಕಿಗೆ ಎಣ್ಣೆಸ್ನಾನ

ಗ್ರೇಟರ್ ನೋಯ್ಡಾದ ಚಳಿಗೆ ಕೊಬ್ಬರಿ ಎಣ್ಣೆ ಕಲ್ಲಾಗುತ್ತದೆ. ಬಾಟಲಿಯನ್ನು ತಲೆಕೆಳಗು ಮಾಡಿ ಬಡಿದರೂ ಒಂದು ತೊಟ್ಟು ಬೀಳುವುದಿಲ್ಲ. ಮೊನ್ನೆ ಬೆಳಿಗ್ಗೆ ಅತ್ತೆಯವರ ತಲೆಗೆ ಹಚ್ಚಲೆಂದು ಒಂದಿಷ್ಟು ಕೆತ್ತಿ ಒಗ್ಗರಣೆ ಸೌಟಿಗೆ ಹಾಕಿ ಒಲೆಯ ಮೇಲಿಟ್ಟೆ. ಅಷ್ಟರಲ್ಲಿ ಫೋನು ಬಂತು. ಆಫೀಸಿಗೆ ನನ್ನನ್ನು ಕಾರಿನಲ್ಲಿ ಕರೆದೊಯ್ಯುವ ಗೆಳತಿ ಮಂಜಿನ ಪುರಾಣ ಹೇಳಿ ಮುಗಿಸುವ ಹೊತ್ತಿಗೆ ಅಡುಗೆಮನೆಯ ತುಂಬ ನೀಲಿ ಹೊಗೆ. ನೀವಾಗಿದ್ದರೆ ಓಡಿಹೋಗಿ ಕಿಟಕಿ ತೆರೆಯುತ್ತಿದ್ದಿರಿ. ನಾನು ಸೌಟು ಹಿಡಿದುಕೊಂಡು ಒಬ್ಬಳೇ ನಗುತ್ತ ನಿಂತಿದ್ದೆ. ಸುಟ್ಟ ಕೊಬ್ಬರಿ ಎಣ್ಣೆಯ ವಾಸನೆಗೆ ನನಗೆ ನೆನಪಾಗುವುದು ಬಂದೂಕು.

ಹೆದರಬೇಡಿ, ನಮ್ಮದು ಡಕಾಯಿತರ ಮನೆತನವಲ್ಲ. ಎರಡು ಸಾವಿರದ ಆಚೀಚಿನ ವರ್ಷಗಳಲ್ಲಿ ನಾವು ದಿಲ್ಲಿಯ ಜನಕಪುರಿಯ ಒಂದು ಮನೆಯ ಮೇಲ್ಮಹಡಿಯಲ್ಲಿ ಬಾಡಿಗೆಗಿದ್ದೆವು. ನಮ್ಮವರೂ ನಾನೂ ಇಬ್ಬರೂ ಕೇಂದ್ರ ಸರ್ಕಾರದ ಗುಮಾಸ್ತರು. ನಮ್ಮವರಿಗೆ ವರ್ಷಕ್ಕೊಂದು ಹುಚ್ಚು. ಒಂದು ವರ್ಷ ಹಾರ್ಮೋನಿಯಂ, ಇನ್ನೊಂದು ವರ್ಷ ಬಣ್ಣದ ಮೀನು. ಮೀನುಗಳೆಲ್ಲ ಪರಲೋಕ ಸೇರಿದ ಮೇಲೆ ಒಂದು ಶನಿವಾರ ಹಳೇ ದಿಲ್ಲಿಗೆ ಹೋದವರು ಬಟ್ಟೆಯಲ್ಲಿ ಸುತ್ತಿದ ಉದ್ದದ ವಸ್ತುವೊಂದನ್ನು ಬಗಲಲ್ಲಿಟ್ಟುಕೊಂಡು ಬಂದರು. ಗಾಳಿ ಬಂದೂಕು. ಅಂಗಡಿಯಲ್ಲಿದ್ದವುಗಳಲ್ಲೆಲ್ಲ ಅಗ್ಗದ್ದು. “ಲೈಸೆನ್ಸ್ ಬೇಡ ಕಣೇ, ಬರೀ ಸ್ಪ್ರಿಂಗು, ಗಾಳಿ” ಎಂದರು. ನಾನು ಹೋಗಿ ಅನ್ನಕ್ಕಿಟ್ಟೆ. ಮಾತಾಡಿದರೆ ಜಗಳ ಹಾರ್ಮೋನಿಯಂ ತನಕ ಹೋಗುತ್ತದೆ.

ಅದರ ನಳಿಗೆಯನ್ನು ಮಧ್ಯಕ್ಕೆ ಮುರಿದ ಹಾಗೆ ಬಗ್ಗಿಸಬೇಕು, ಕಾಳಿನಷ್ಟು ಸೀಸದ ಗುಂಡು ಒಂದನ್ನು ತೂರಿಸಬೇಕು, ಮತ್ತೆ ನೆಟ್ಟಗೆ ಮಾಡಿ ಹೊಡೆಯಬೇಕು. ಒಂದು ಸಲಕ್ಕೆ ಒಂದೇ ಗುಂಡು. ಎರಡನೆಯದು ಬೇಕಾದರೆ ಎಲ್ಲವೂ ಮೊದಲಿಂದ. ತಾರಸಿಯ ಗೋಡೆಗೆ ಒಂದು ಹಳೇ ಟ್ರಂಕು ಒರಗಿಸಿ, ಅದರ ಹೊಟ್ಟೆಗೆ ಹಳೇ ಪೇಪರು ತುಂಬಿ, ಮುಂದೆ ಬಿಳಿ ಹಾಳೆ ಅಂಟಿಸಿ, ಹಾಳೆಯ ನಡುವೆ ನನ್ನದೊಂದು ಸ್ಟಿಕ್ಕರ್ ಬೊಟ್ಟು ಹಚ್ಚಿದರೆ ಗುರಿ ಸಿದ್ಧ. ಭಾನುವಾರ ಬೆಳಿಗ್ಗೆ ನಮ್ಮವರು ಟಪ್ ಟಪ್ ಎಂದು ಹೊಡೆಯುತ್ತಿದ್ದರು. ಅವರ ಗುಂಡು ಟ್ರಂಕಿಗಾದರೂ ತಾಗುತ್ತಿತ್ತು. ನಾನೂ ಒಂದು ದಿನ ಹೊಡೆದೆ. ಟ್ರಂಕಿನ ಸುತ್ತ ಹುಡುಕಿದ್ದಾಯಿತು, ಗೋಡೆ ತಡವಿದ್ದಾಯಿತು. ಆ ಗುಂಡು ಎಲ್ಲಿ ಹೋಯಿತೆಂದು ಇವತ್ತಿಗೂ ಗೊತ್ತಿಲ್ಲ. ಅಲ್ಲಿಗೆ ನನ್ನ ಬೇಟೆ ಮುಗಿಯಿತು.

ನನಗಾಗ ಅದರ ಮೇಲೆ ಮನಸ್ಸೂ ಇರಲಿಲ್ಲ ಅನ್ನಿ. ಮಗಳಿಗೆ ಒಂದೂವರೆ ವರ್ಷ. ನನ್ನ ರಜೆಯೆಲ್ಲ ಮುಗಿದಿತ್ತು. ಶಿಶುವಿಹಾರಕ್ಕೆ ಬಿಟ್ಟು ನೋಡಿದರೆ ವಾರಕ್ಕೊಮ್ಮೆ ಜ್ವರ. ಮಗುವನ್ನು ನೋಡಿಕೊಳ್ಳಲೆಂದು ಚಿತ್ರದುರ್ಗದಿಂದ ಬಂದ ಅತ್ತೆಯವರು ನಾಲ್ಕನೇ ತಿಂಗಳಿಗೇ ಸೋತುಹೋದರು. “ಇದೇನು ಊರೇ ಇದು! ಮೂರು ಮಹಡಿ ಹತ್ತಿ ಕೂತ್ರೆ ಮಾತಾಡ್ಸೋ ನರಪಿಳ್ಳೆ ಇಲ್ಲ. ಸೊಪ್ಪಿನ ಭಯ್ಯಾಗೆ ದಂಟು ಅಂದ್ರೆ ಡಂಡಾ ಅಂತ ದೊಣ್ಣೆ ತೋರಿಸ್ತಾನೆ. ದಸರಾ ಮುಗಿದ ಮಾರನೇ ದಿನ ನನ್ನ ರೈಲು ಹತ್ತಿಸಿಬಿಡು ಕಣಪ್ಪಾ” ಎಂದು ಮಗನಿಗೆ ಹೇಳಿ, ಊರಿನ ಬಂಧುಗಳಿಗೆಲ್ಲ ಫೋನು ಮಾಡಿ ಸಾರಿಬಿಟ್ಟರು. ಟಿಕೆಟ್ಟೂ ಆಯಿತು. ಅವರು ರೈಲು ಹತ್ತಿದರೆ ನಾನು ಕೆಲಸ ಬಿಡಬೇಕು. ಪರೀಕ್ಷೆ ಮೇಲೆ ಪರೀಕ್ಷೆ ಬರೆದು ಗಿಟ್ಟಿಸಿದ ಕೆಲಸ ಅದು. ಇರಿ ಎಂದು ಗೋಗರೆಯಲು ನನಗೆ ಬಿಗುಮಾನ, ಇರುತ್ತೇನೆ ಎನ್ನಲು ಅವರಿಗೆ ಮನಸ್ಸಿಲ್ಲ ಎಂದು ನನ್ನ ಲೆಕ್ಕಾಚಾರ. ಇಬ್ಬರೂ ಮುಖ ಊದಿಸಿಕೊಂಡು ಹಬ್ಬದ ತಯಾರಿ ಮಾಡಿದೆವು.

ಆಯುಧಪೂಜೆಯ ದಿನ ಅತ್ತೆಯವರು ಈಳಿಗೆ ಮಣೆ, ಹೊಲಿಗೆ ಯಂತ್ರ, ಸ್ಕೂಟರಿನ ಕೀಲಿ, ನಮ್ಮವರ ಟೈಪಿಂಗ್ ಪರೀಕ್ಷೆಯ ಕಾಲದ ಟೈಪ್‌ರೈಟರು ಎಲ್ಲವನ್ನೂ ತೊಳೆದು ಒರೆಸಿ ಸಾಲಾಗಿ ಇಟ್ಟರು. ನಿಜವಾದ ಆಯುಧವೆಂದರೆ ಬಂದೂಕು ಒಂದೇ ತಾನೇ? ಅದಕ್ಕೆ ವಿಶೇಷ ಉಪಚಾರ. ಮಕ್ಕಳಿಗೆ ಹಬ್ಬದ ದಿನ ಹಚ್ಚುವ ಹಾಗೆ ಹಿಡಿಯಿಂದ ತುದಿಯವರೆಗೆ ಕೊಬ್ಬರಿ ಎಣ್ಣೆ ತಿಕ್ಕಿ, “ಒಳಗೂ ಇಳೀಲಿ, ತಂಪಾಗಿರುತ್ತೆ” ಎಂದು ನಳಿಗೆಯ ಬಾಯಿಗೆ ಎರಡು ಚಮಚ ಹುಯ್ದು, ಕುಂಕುಮ ಹೂವು ಏರಿಸಿದರು. ಎಣ್ಣೆ ಹಾಕಿದರೆ ಕೆಡುವ ಯಂತ್ರ ಉಂಟೇ ಎಂದುಕೊಂಡೆ.

ಮರುದಿನ, ವಿಜಯದಶಮಿಯ ಬೆಳಿಗ್ಗೆ, ನಮ್ಮವರು ತಾರಸಿಯಲ್ಲಿ ನಿಂತು ಶಾಸ್ತ್ರಕ್ಕೆಂದು ಒಂದು ಗುಂಡು ಹೊಡೆದರು. ಟಪ್ ಎನ್ನಬೇಕಾದದ್ದು ಢಂ ಎಂದಿತು! ನಳಿಗೆಯಿಂದ ಬುಸ್ಸೆಂದು ಹೊಗೆ. ಪಾರಿವಾಳಗಳೆಲ್ಲ ಒಮ್ಮೆಗೇ ಎದ್ದವು. ಯಾವಾಗಲೂ ಟ್ರಂಕಿನೊಳಗೇ ಉಳಿಯುತ್ತಿದ್ದ ಗುಂಡು ಅದರ ಹಿಂದಿನ ತಗಡನ್ನೂ ತೂತು ಮಾಡಿತ್ತು. ಒಳಗಿನಿಂದ ಮಗಳು ಕಿಟಾರನೆ ಕಿರುಚಿದಳು. ಅತ್ತೆಯವರು ಓಡಿಹೋಗಿ ಮಗನ ಮೈಯೆಲ್ಲ ತಡವಿದರು. “ಅಯ್ಯಯ್ಯೋ, ಎಣ್ಣೆ ಹುಯ್ದು ನನ್ನ ಕೈಯಾರೆ ಮಗನ್ನ ಕೊಲ್ತಿದ್ನಲ್ಲೋ!”

ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಕೆಳಗಿನ ಮಹಡಿಯಲ್ಲಿದ್ದ ಮನೆಯ ಒಡೆಯರು, ಸೈನ್ಯದಿಂದ ನಿವೃತ್ತರಾದ ಸುಬೇದಾರರು. ಮೀಸೆ ನೋಡಿದರೇ ನನಗೆ ನಡುಕ. ಮನೆ ಖಾಲಿ ಮಾಡಿಸುತ್ತಾರೆ ಎಂದು ನಿರ್ಧರಿಸಿಬಿಟ್ಟೆ. ಅವರು ಬಂದೂಕು ತೆಗೆದುಕೊಂಡು ನಳಿಗೆಯ ಬಾಯಿಗೆ ಮೂಗಿಟ್ಟರು. ಕುಂಕುಮ ನೋಡಿದರು. ಅತ್ತೆಯವರ ಎಣ್ಣೆ ಕೈ ನೋಡಿದರು. “ಅಮ್ಮಾಜೀ, ಬಂದೂಕ್ ಕೋ ಭೀ ಚಂಪಿ?” ಎಂದವರೇ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಬಂದೂಕಿಗೂ ತಲೆಗೆ ತಿಕ್ಕಿದ ಹಾಗೆ ಎಣ್ಣೆ ತಿಕ್ಕಿದಿರಾ ಎಂದು. ಒಳಗೆ ಗಾಳಿ ಒತ್ತಿದಾಗ ಬಿಸಿಯಾಗುತ್ತದಂತೆ, ಆ ಬಿಸಿಗೆ ಎಣ್ಣೆ ಹೊತ್ತಿಕೊಂಡಿತ್ತು. ಹಳೇ ಬನಿಯನ್ ಹರಿದು, ಕಡ್ಡಿಗೆ ಸುತ್ತಿ, ಅರ್ಧ ಬೆಳಗು ನಳಿಗೆಯ ಒಳಗೆಲ್ಲ ಒರೆಸಿದರು.

ಒರೆಸಿ ಮುಗಿಸಿ ಬಂದೂಕನ್ನು ಅತ್ತೆಯವರ ಮುಂದೆ ಹಿಡಿದರು. ಎಣ್ಣೆ ಹಾಕಿದವರೇ ಹೊಡೆಯಬೇಕು, ಅದೇ ಸಜಾ ಎಂದರು! ಅತ್ತೆ ಬೇಡ ಬೇಡ ಎಂದರು. ಆಮೇಲೆ ಏನೆನ್ನಿಸಿತೋ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸ್ಟೂಲಿನ ಮೇಲೆ ಕೂತು, ಸುಬೇದಾರರು ತಂದಿಟ್ಟ ಮರಳಿನ ಚೀಲದ ಮೇಲೆ ನಳಿಗೆ ಊರಿ ಒಂದು ಕಣ್ಣು ಮುಚ್ಚಿದರು. ಮೊದಲನೆಯದು ಹಾಳೆಯ ಅಂಚಿಗೆ. ಎರಡನೆಯದು ನನ್ನ ಬೊಟ್ಟಿಗೇ. “ಶಾಬಾಶ್!” ಎಂದರು ಸುಬೇದಾರರು. “ಏನಂದ್ಕೊಂಡ್ರಿ? ಚಿಕ್ಕೋಳಿದ್ದಾಗ ಕಲ್ಲಲ್ಲಿ ಹುಣಸೆಕಾಯಿ ಉದುರಿಸ್ತಿದ್ದೋಳು ನಾನು” ಎಂದರು ಅತ್ತೆ, ಕನ್ನಡದಲ್ಲೇ. ಸುಬೇದಾರರಿಗೆ ಏನು ತಿಳಿಯಿತೋ, “ಅಚ್ಛಾ, ಅಚ್ಛಾ” ಎಂದು ತಲೆಯಾಡಿಸಿದರು.

ಆ ಮಧ್ಯಾಹ್ನ ಊಟಕ್ಕೆ ಕೂತಾಗ ಅತ್ತೆಯವರು ಮಗನಿಗೆ ಹೇಳಿದರು: “ಟಿಕೆಟ್ ಮುಂದಕ್ಕೆ ಹಾಕಿಸೋ. ಆ ಸುಬೇದಾರ್ರು ದೂರದಿಂದ ಹೊಡೆಯೋದು ಕಲಿಸ್ತಾರಂತೆ.” ನಾನು ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ. ಟಿಕೆಟ್ಟು ಸಂಕ್ರಾಂತಿಗೆ ಹೋಯಿತು, ಯುಗಾದಿಗೆ ಹೋಯಿತು, ಆಮೇಲೆ ಯಾರೂ ಅದರ ಸುದ್ದಿ ಎತ್ತಲಿಲ್ಲ. ಭಾನುವಾರಗಳಲ್ಲಿ ಅತ್ತೆ ಕನ್ನಡದಲ್ಲಿ, ಸುಬೇದಾರರು ಹಿಂದಿಯಲ್ಲಿ ಗಂಟೆಗಟ್ಟಲೆ ಜಗಳಾಡಿಕೊಂಡು ಗುರಿ ಹೊಡೆದರು. ನಾನು ಆಫೀಸಿಗೆ ಹೋದೆ, ಬಡ್ತಿ ಪಡೆದೆ, ಮಗಳು ದೊಡ್ಡವಳಾದಳು. ಬಂದೂಕಿನ ಸ್ಪ್ರಿಂಗು ಸತ್ತು, ಅದು ಗುಜರಿಗೆ ಹೋಗಿಯೂ ಎಷ್ಟೋ ವರ್ಷಗಳಾದವು. ನಮ್ಮವರು ಜೀವಮಾನದಲ್ಲಿ ತಂದ ಅಷ್ಟೂ ಸಾಮಾನಿನಲ್ಲಿ ನನ್ನನ್ನು ಉಳಿಸಿದ್ದು ಅದೊಂದೇ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದೆ.

ಮೊನ್ನೆ ಹೊಗೆಯೆಲ್ಲ ಹೋದ ಮೇಲೆ ಅತ್ತೆಯವರ ಹತ್ತಿರ ಹೋಗಿ ಕೂತೆ. ಎಂಬತ್ತು ದಾಟಿದೆ, ಕಣ್ಣು ಮಂಜು, ನಾಲಿಗೆ ಮಾತ್ರ ಹಾಗೇ ಇದೆ. “ಅತ್ತೆ, ಆ ಬಂದೂಕು ಇಲ್ದೇ ಇದ್ದಿದ್ರೆ ನೀವು ಹೊರಟೇಹೋಗ್ತಿದ್ರಿ ಅಲ್ವಾ?” ಎಂದೆ.

“ಅಯ್ಯೋ ಹುಚ್ಚಿ!” ಎಂದರು. “ಬಂದೂಕಿನ ಆಸೆಗೆ ಇರೋಕೆ ನಾನೇನು ಪಾಳೇಗಾರ್ತೀನಾ? ಹಬ್ಬದ ಹಿಂದಿನ ದಿನ ನೀನು ಮಗೂನ ತೊಡೆ ಮೇಲೆ ಹಾಕ್ಕೊಂಡು ರಾಜೀನಾಮೆ ಬರೀತಿದ್ದೆ. ಬರೆಯೋದು, ಹರಿಯೋದು, ಕಣ್ಣು ಒರೆಸ್ಕೊಳ್ಳೋದು. ಬಾಗಿಲ ಸಂದೀಲಿ ನೋಡ್ದೆ. ಅದನ್ನ ನೋಡಿ ರೈಲು ಹತ್ತೋದುಂಟಾ? ಆದ್ರೆ ಊರಿಗೆಲ್ಲ ಹೊರಟೆ ಹೊರಟೆ ಅಂತ ಸಾರಿಬಿಟ್ಟಿದ್ನಲ್ಲ, ಸುಮ್ಸುಮ್ನೆ ಇರ್ತೀನಿ ಅನ್ನೋಕೆ ನಾಚಿಕೆ. ಏನಾದ್ರೂ ನೆಪ ಹುಡುಕ್ತಿದ್ದೆ, ಆ ಪುಣ್ಯಾತ್ಮ ಸುಬೇದಾರ ಬಂದೂಕು ಕೈಗೆ ಕೊಟ್ಟ.”

ಇಪ್ಪತ್ತು ವರ್ಷ ನಾನು ಒಂದು ಕಬ್ಬಿಣದ ಕೊಳವೆಗೆ ಕೃತಜ್ಞಳಾಗಿದ್ದೆ, ನೋಡಿ. ನಮ್ಮ ಮನೆಗಳಲ್ಲಿ ಥ್ಯಾಂಕ್ಸ್ ಎನ್ನುವ ರೂಢಿಯಿಲ್ಲ. ಬಗ್ಗಿ ಅವರ ಕಾಲು ಮುಟ್ಟಿದೆ. ಮುಟ್ಟಿದವಳು ಏಳಲಿಲ್ಲ.

“ಇದೇನೇ ಬೆಳ್ಬೆಳಿಗ್ಗೆ? ಏಳು” ಎಂದರು ಅತ್ತೆ, ನನ್ನ ಬೆನ್ನು ತಟ್ಟುತ್ತ. “ಆಫೀಸಿಗೆ ಹೊತ್ತಾಯ್ತು, ಹೊರಡು.”