ವಯ್ರ್, ಸಕಲ್

ಇಶಾಡು ಮಾವಿನಹಣ್ಣು ಹುಲ್ಲು ಹಾಸಿದ ಬುಟ್ಟಿಯಲ್ಲಿ ಕುಳಿತು, ಬಸ್ಸಿನ ತಲೆಯ ಮೇಲೆ ಅಂಕೋಲೆಯಿಂದ ಕಾರವಾರಕ್ಕೆ ಹೋಗುತ್ತಿದ್ದ ದಿನಗಳವು. ಬೇಸಿಗೆ ರಜೆ ಬಂತೆಂದರೆ ಅಪ್ಪ ಆ ಬುಟ್ಟಿಯ ಜೊತೆ ನನ್ನನ್ನೂ ಬಸ್ಸು ಹತ್ತಿಸುತ್ತಿದ್ದ. ನಮ್ಮದು ಅಗಸೂರು. ಚಿಕ್ಕಿ ಕಾರವಾರದಲ್ಲಿ ಶಾಲೆಯ ಅಕ್ಕೋರು. ಪೇಟೆ ನಡುವಿನ ಮೂರು ಮಾಳಿಗೆಯ ಹಳೇ ಕಟ್ಟಡದ ತುದಿಯಲ್ಲಿ ಅವಳ ಎರಡು ಕೋಣೆ. ಆ ಕಟ್ಟಡಕ್ಕೊಂದು ಲಿಫ್ಟ್ ಇತ್ತು. ಬಾವಿಯ ಕೊಡ ಬಿಟ್ಟರೆ ಹಗ್ಗಕ್ಕೆ ಜೋತುಬಿದ್ದು ಮೇಲೆ ಕೆಳಗೆ ಓಡಾಡುವ ಇನ್ನೊಂದು ವಸ್ತುವನ್ನು ನಾನು ಕಂಡದ್ದೇ ಅಲ್ಲಿ.

ಕಟ್ಟಡದ ಸಾಹುಕಾರರ ಅಜ್ಜ ಅದನ್ನು ಮುಂಬೈಯಿಂದ ಹಡಗಿನಲ್ಲಿ ತರಿಸಿದ್ದಂತೆ. ಮಡಚುವ ಕಬ್ಬಿಣದ ಜಾಳಿಯ ಬಾಗಿಲು, ಒಳಗೆ ತೇಗದ ಹಲಗೆ, ಗೋಡೆಗೊಂದು ಹಿತ್ತಾಳೆ ಹಿಡಿಕೆ. ಗುಂಡಿ ಒತ್ತುವ ಬಾಬತ್ತೇ ಇಲ್ಲ. ಹಿಡಿಕೆಯನ್ನು ಬಲಕ್ಕೆ ತಳ್ಳಿದರೆ ಮೇಲೆ, ಎಡಕ್ಕೆ ತಳ್ಳಿದರೆ ಕೆಳಗೆ, ಕೈಬಿಟ್ಟರೆ ನಿಂತಿತು. ಸ್ವಲ್ಪ ತಳ್ಳಿದರೆ ಮೆಲ್ಲಗೆ, ಪೂರಾ ತಳ್ಳಿದರೆ ಜೋರು. ನಡೆಸಲಿಕ್ಕೆ ನಾಗಪ್ಪ ಎಂಬವನಿದ್ದ. ಗ್ರೀಸಿನ ವಾಸನೆಯ ಒಳಗೆ ನಮ್ಮ ಇಶಾಡಿನ ಬುಟ್ಟಿ ಇಟ್ಟರೆ ಮೂರು ಮಾಳಿಗೆ ಏರುವಷ್ಟರಲ್ಲಿ ಎರಡೂ ಸೇರಿ ಒಂದು ಮತ್ತು ಬರಿಸುವ ವಾಸನೆಯಾಗುತ್ತಿತ್ತು. ಈಗಲೂ ಯಾರಾದರೂ ಸೈಕಲ್ಲಿನ ಚೈನಿಗೆ ಗ್ರೀಸು ಹಚ್ಚಿದರೆ ನನಗೆ ಮಾವಿನಹಣ್ಣು ನೆನಪಾಗುತ್ತದೆ.

ಆ ಲಿಫ್ಟನ್ನು ನೋಡಿಕೊಳ್ಳುತ್ತಿದ್ದವರು ಪುರ್ಸು ಮಾಮಾ. ದೇವಬಾಗದ ಮೀನುಗಾರರ ಮನೆಯವರು, ಪ್ರಾಯದಲ್ಲಿ ಮುಂಬೈಗೆ ಹೋಗಿ ಲಿಫ್ಟಿನ ಕೆಲಸ ಕಲಿತು ಬಂದಿದ್ದರು. ಅಮಾಸೆಗೊಮ್ಮೆ ತಪ್ಪದೆ ಬರುತ್ತಿದ್ದರು. ‘ಯಂತ್ರಕ್ಕೂ ಒಂದಿನ ರಜೆ ಬೇಕು’ ಎಂಬುದು ಅವರ ಮಾತು. ಬಲೆಯ ದಾರವನ್ನು ಸವರಿ ನೋಡುವ ಹಾಗೆಯೇ ಲಿಫ್ಟಿನ ತಂತಿಹಗ್ಗವನ್ನೂ ಕಣ್ಣುಮುಚ್ಚಿ ಬೆರಳಲ್ಲಿ ಸವರಿ, ಎಲ್ಲಿ ಸವೆದಿದೆ ಎಂದು ಹೇಳಿಬಿಡುವರು. ಹೆಣ್ಣುಮಕ್ಕಳನ್ನೆಲ್ಲ ‘ಬಾಯ್’ ಎಂದು ಕರೆಯುವ ಅವರಿಗೆ, ಎಲ್ಲದಕ್ಕೂ ‘ಯಾಕೆ’ ಎನ್ನುವ ನಾನೆಂದರೆ ಅದೇನೋ ಅಕ್ಕರೆ.

ಆ ಬೇಸಿಗೆಯ ಅಮಾಸೆಗೆ ನಾಗಪ್ಪ ಯಾವುದೋ ಮದುವೆಗೆಂದು ಬೆಳಂಬಾರಕ್ಕೆ ಹೋಗಿದ್ದ. ಪುರ್ಸು ಮಾಮಾ ಲಿಫ್ಟಿನ ತಲೆಯ ಮೇಲೆ ನಿಂತು ಗೋಡೆಯ ಹಳಿ ಒರೆಸಿ ಗ್ರೀಸು ಹಚ್ಚಬೇಕು; ಒಳಗಿದ್ದವರು ಅವರು ಕೂಗಿದಂತೆ ಮೇಲೆ ಕೆಳಗೆ ನಡೆಸಬೇಕು. ನಾಳೆ ಬರುತ್ತೇನೆ ಎಂದು ಅವರು ಹೊರಟೇ ಇದ್ದರು. ನಾನು ಬಿಡಬೇಕಲ್ಲ! ನಾನು ಹಿಡಿಕೆ ಹಿಡಿಯುತ್ತೇನೆ ಎಂದು ಗಂಟುಬಿದ್ದೆ. ಅವರು ಬೇಡವೆಂದಷ್ಟೂ ನನ್ನ ಹಟ ಏರಿತು. ಕೊನೆಗೆ ಸೋತು ಒಂದೇ ಒಂದು ಪ್ರಶ್ನೆ ಕೇಳಿದರು.

“ಕೆಲಸದಾಗೆ ನನ್ನ ಬಾಯಿಗೆ ಕೊಂಕಣಿನೇ ಬರುದು. ನಿಂಗೆ ಕೊಂಕಣಿ ಬರ್ತದೆ ಅಲ್ಲ, ಬಾಯ್?”

“ಬರ್ತದೆ,” ಅಂದೆ.

ಬರುತ್ತಿತ್ತು ಮಣ್ಣು! ಕೆಳಗಿನ ಅಂಗಡಿಯ ಮಕ್ಕಳ ಜೊತೆ ಆಡಿ ಹತ್ತು ಹನ್ನೆರಡು ಶಬ್ದ ಕಲಿತಿದ್ದೆ, ಅಷ್ಟೇ. ಅದರಲ್ಲಿ ‘ವಯ್ರ್’ ಅಂದರೆ ಮೇಲೆ ಎಂಬುದೊಂದು ಇತ್ತು. ಮೊದಮೊದಲು ಅವರು ಕೂಗಿದ್ದೂ ಅದನ್ನೇ. ‘ವಯ್ರ್’ ಎಂದಾಗ ನಾನು ಬಲಕ್ಕೆ ಚೂರು ತಳ್ಳುತ್ತಿದ್ದೆ, ‘ಪುರೋ’, ಅಂದರೆ ಸಾಕು, ಎಂದಾಗ ಬಿಡುತ್ತಿದ್ದೆ. ಇಡೀ ಕಟ್ಟಡ ನನ್ನ ಕೈಯಲ್ಲಿದೆ ಎಂದು ಎದೆ ಉಬ್ಬಿತ್ತು. ಐದನೇ ಸಲವೋ ಆರನೇ ಸಲವೋ, ಲಿಫ್ಟ್ ಮೆಲ್ಲಗೆ ಏರುತ್ತಿದ್ದಾಗ, ಮೇಲಿನಿಂದ ಗಡಬಡಿಸಿದ ದನಿ ಬಂತು.

“ಸಕಲ್! ಸಕಲ್!”

ಸಕಲ. ನಮ್ಮ ಶಾಲೆಯ ಪ್ರಾರ್ಥನೆಯಲ್ಲಿ ದಿನಾ ಹೇಳುತ್ತಿದ್ದ ಶಬ್ದ. ಸಕಲ ಜೀವಿಗಳು, ಸಕಲ ಸಂಪತ್ತು. ಸಕಲ ಅಂದರೆ ಎಲ್ಲ, ಪೂರಾ. ಜೋರಾಗಿ ಹೋಗು ಎನ್ನುತ್ತಿದ್ದಾರೆ ಎಂದುಕೊಂಡು ಹಿಡಿಕೆಯನ್ನು ಬಲಕ್ಕೆ ಕೊನೆಮುಟ್ಟ ತಳ್ಳಿದೆ.

ಕೊಂಕಣಿಯಲ್ಲಿ ‘ಸಕಲ್’ ಅಂದರೆ ಕೆಳಗೆ. ಅವರ ಕೈಯಲ್ಲಿದ್ದ ಅರಿವೆ ಗೋಡೆಯ ಕಬ್ಬಿಣಕ್ಕೆ ಸಿಕ್ಕಿ ಬೆರಳನ್ನು ಎಳೆದುಕೊಂಡಿತ್ತು. ನಾನು ಕೆಳಗಿಳಿಸಿದ್ದರೆ ಸಡಿಲಾಗುತ್ತಿತ್ತು. ಅವರ ಕೂಗು ಕೇಳಿ ಕೈಬಿಡುವಷ್ಟರಲ್ಲಿ ಬಲಗೈಯ ಎರಡು ಬೆರಳು ಹೋಗಿದ್ದವು.

ಇದು ತಪ್ಪು. ಮಗುವಿನ ತಪ್ಪು ಎಂದು ಬೇಕಾದರೆ ಬಿಡಬಹುದು. ಆದರೆ ಮುಂದಿನದಕ್ಕೆ ಮಗು ಎಂಬ ರಿಯಾಯಿತಿ ನನಗೆ ನಾನೇ ಕೊಟ್ಟುಕೊಂಡಿಲ್ಲ. ಸಾಹುಕಾರರು ಓಡಿಬಂದರು, ಚಿಕ್ಕಿ ಬಂದಳು. ಪುರ್ಸು ಮಾಮಾ ಕೈಗೆ ಟವೆಲ್ ಸುತ್ತಿಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. ಅವರು ಏನೆಂದು ಕೂಗಿದರು ಎಂದು ಸಾಹುಕಾರರು ನನ್ನನ್ನು ಕೇಳಿದರು. ನಾನು ಚಿಕ್ಕಿಯ ಸೆರಗು ಹಿಡಿದು ಹೇಳಿದೆ.

“ವಯ್ರ್ ಅಂದ್ರು.”

ಪುರ್ಸು ಮಾಮಾ ತಲೆಯೆತ್ತಿ ನನ್ನನ್ನೇ ನೋಡಿದರು. ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ!

“ಅಂದಿರ್ಬೇಕು,” ಅಂದರು. “ಬಾಯಿ ತಪ್ತು. ಹುಡುಗಿಗೆ ಯಾರೂ ಬೈಬೇಡಿ.”

ಯಾರೂ ಬೈಯಲಿಲ್ಲ. ಹೆದರಿದ ಮಗು ಎಂದು ಚಿಕ್ಕಿ ಹಣ್ಣು ಹೆಚ್ಚಿ ಕೊಟ್ಟಳು; ನಾಚಿಕೆಗೆಟ್ಟವಳು ನಾನು, ತಿಂದೆ. ಮರುದಿನವೇ ಅಪ್ಪ ಬಂದು ಊರಿಗೆ ಕರೆದುಕೊಂಡು ಹೋದ. ಆಮೇಲಿನದೆಲ್ಲ ಚಿಕ್ಕಿ ಬಂದಾಗ ಹೇಳಿ ಗೊತ್ತಾದದ್ದು. ಮೇಲೆ ಕೆಳಗೆ ತಿಳಿಯದವನಿಗೆ ಲಿಫ್ಟ್ ಯಾಕೆ ಎಂದು ಸಾಹುಕಾರರು ಅವರನ್ನು ಬಿಡಿಸಿದರಂತೆ. ಪೇಟೆಯಲ್ಲಿ ‘ವಯ್ರ್‌ಸಕಲ್ ಪುರ್ಸು’ ಎಂಬ ಅಡ್ಡಹೆಸರು ಬಿತ್ತಂತೆ. ಚಿಕ್ಕಿ ನಗುತ್ತಾ ಹೇಳಿದ್ದಳು. ಅಪ್ಪನೂ ನಕ್ಕ. ನಾನು ನಗಲಿಲ್ಲ, ಬಾಯೂ ಬಿಡಲಿಲ್ಲ. ಮುಂದಿನ ರಜೆಗೆ ಕಾರವಾರ ಬೇಡವೆಂದು ಅತ್ತೆ. ಆ ಬೇಸಿಗೆಯಿಂದ ಬುಟ್ಟಿ ಒಂದೇ ಹೋಯಿತು.

ಮುಂದೆ ನನ್ನ ಮದುವೆಯಾದದ್ದು ಮನೆಯೊಳಗೆ ಕೊಂಕಣಿ ಆಡುವವರ ಮಗನ ಜೊತೆ. ಮಾತು ನೀರಿನ ಹಾಗೆ ಬಂತು. ಇದೂ ಒಂದು ಕುಚೋದ್ಯವೇ.

ಕಳೆದ ವರ್ಷ ಜಾಗದ ಕಾಗದಪತ್ರಕ್ಕೆಂದು ಕಾರವಾರಕ್ಕೆ ಹೋದವಳು, ಕಾಲು ಎಳೆದುಕೊಂಡು ಹೋದಂತೆ ಆ ಕಟ್ಟಡದೆದುರು ನಿಂತೆ. ಚಿಕ್ಕಿ ಅಲ್ಲಿಂದ ಬಿಟ್ಟು ಎಷ್ಟೋ ಕಾಲವಾಗಿದೆ. ಮೆಟ್ಟಿಲು ಹತ್ತಿ ಅವಳಿದ್ದ ಮಾಳಿಗೆಗೆ ಹೋದರೆ, ಲಿಫ್ಟ್ ಇದೆ! ಅದೇ ಜಾಳಿ, ಅದೇ ತೇಗ. ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಹಿತ್ತಾಳೆ ಹಿಡಿಕೆಯನ್ನು ಬಿಚ್ಚಿ ಒರೆಸುತ್ತಿದ್ದಳು. ಮಾತಾಡಿಸಿದರೆ, ಪುರ್ಸು ಮಾಮಾನ ಮಗಳು, ಸುನಂದಾ. ಮುಂಬೈಯ ಲಿಫ್ಟುಗಳಲ್ಲೂ ಹಳೆಯದೇನಾದರೂ ಕೆಟ್ಟರೆ ಈಗ ಅವಳಿಗೇ ಫೋನು ಬರುತ್ತದಂತೆ.

ಒಳಗೆ ಹೊಸದಾಗಿ ಕಂಡದ್ದು ಒಂದೇ. ಮಾಡಿನಿಂದ ಇಳಿಬಿಟ್ಟ ಚಿಕ್ಕ ಗಂಟೆ, ಅದರ ದಾರ ಲಿಫ್ಟಿನ ತಲೆಯ ಮೇಲಕ್ಕೆ ಹೋಗಿತ್ತು. ಇದೇನೆಂದು ಕೇಳಿದೆ. ಬಿಡಿಸಿದ ವರ್ಷದೊಳಗೆ ಸಾಹುಕಾರರು ತನ್ನ ಅಪ್ಪನನ್ನೇ ಮತ್ತೆ ಕರೆಯಬೇಕಾಯಿತು, ಬೇರೆಯವರ ಕೈಗೆ ಈ ಯಂತ್ರ ಬಗ್ಗಲಿಲ್ಲ ಎಂದಳು. ಬಂದವರು ಮೊದಲು ಮಾಡಿದ್ದು ಗಂಟೆ ಕಟ್ಟಿದ್ದು. ಒಂದು ಹೊಡೆದರೆ ಮೇಲೆ, ಎರಡು ಹೊಡೆದರೆ ಕೆಳಗೆ, ಬಾಯಿಮಾತೇ ಇಲ್ಲ. ‘ಭಾಷೆ ಬರ್ತದಾ ಅಂತ ಮಕ್ಕಳನ್ನ ಕೇಳ್ಬಾರ್ದು, ನಾಚಿಕೆಗೆ ಬರ್ತದೆ ಅಂದ್ಬಿಡ್ತವೆ, ಕೇಳಿದವನದೇ ತಪ್ಪು’ ಎನ್ನುತ್ತಿದ್ದರಂತೆ.

ಹಾಗಾದರೆ ಅವರಿಗೆ ಗೊತ್ತಿತ್ತು. ಮೆಟ್ಟಿಲ ಮೇಲೆ ಕೂತಿದ್ದಾಗಲೇ ಗೊತ್ತಿತ್ತು.

ಸುನಂದಾ ಹಿಡಿಕೆ ತಿರುಗಿಸಿ ಕೂರಿಸುತ್ತಾ ಸಹಜವಾಗಿ ಕೇಳಿದಳು, “ನಿಮ್ಗೆ ಕೊಂಕಣಿ ಬರ್ತದೆ ಅಕ್ಕಾ?”

“ಈಗ ಬರ್ತದೆ,” ಅಂದೆ. “ಆವಾಗ ಬರ್ತಿರ್ಲಿಲ್ಲ. ಅವರು ಸಕಲ್ ಅಂತಲೇ ಅಂದಿದ್ರು.”

ಅವಳ ಕೈ ನಿಂತಿತು. ನನ್ನ ಮುಖವನ್ನು ತನ್ನ ಅಪ್ಪನ ಹಾಗೆಯೇ ನೋಡಿದಳು. ಕೈಯ ಗ್ರೀಸನ್ನು ಅರಿವೆಗೆ ಒರೆಸಿಕೊಂಡಳು.

“ಅಗಸೂರ ಬಾಯ್ ಒಂದಲ್ಲ ಒಂದಿನ ಬಂದು ಹೇಳ್ತದೆ ಅಂತಿದ್ರು ಅಪ್ಪ,” ಅಂದಳು. “ಅವ್ರು ಹೋಗಿ ನಾಕು ವರ್ಷ ಆಯ್ತು.”

ಲಿಫ್ಟಿನೊಳಗೆ ಹೋಗಿ ಹಲಗೆಗೆ ಬೆನ್ನು ಕೊಟ್ಟು ನಿಂತೆ. ಅವಳು ಜಾಳಿ ಎಳೆದು, ಹಿಡಿಕೆಯನ್ನು ಎಡಕ್ಕೆ ಮೆಲ್ಲಗೆ ತಳ್ಳಿ, ನನ್ನನ್ನು ಕೆಳಗಿಳಿಸಿದಳು.