ಹೆದರಿಕೆಗೆ ಸಿಕ್ಕಿದ ಕೋಳಿಸುಕ್ಕ

ನನಗೆ ಹುಂಜವೆಂದರೆ ಹೆದರಿಕೆ. ನಗುವವರು ಈಗಲೇ ನಕ್ಕು ಮುಗಿಸಿಬಿಡಿ. ಹುಂಜಗಳನ್ನು ಕಾದಿಸುವ ಕೋಳಿ ಅಂಕ ಎಂದರೆ ಆಫೀಸಿಗೆ ರಜೆ ಹಾಕಿ ಓಡುವ ಜನರ ನಡುವೆ, ಅಂಗಳದ ಹುಂಜ ಕತ್ತು ಉಬ್ಬಿಸಿದರೆ ಬಾಗಿಲ ಹಿಂದೆ ಅಡಗುವ ಗಂಡಸು ನಾನು. ಎಂಟನೆಯ ವಯಸ್ಸಿನಲ್ಲಿ ಒಂದು ಹುಂಜ ಮೊಣಕಾಲಿಗೆ ಹಾರಿ ಕುಕ್ಕಿತ್ತು. ಗಾಯ ವಾರದಲ್ಲಿ ಒಣಗಿತು, ಹೆದರಿಕೆ ಒಣಗಲಿಲ್ಲ.

ಬಂಟ್ವಾಳದ ಬಾಡಿಗೆ ಮನೆಯಲ್ಲಿ ಕೋಳಿಗಳಿಲ್ಲ, ಹಾಗಾಗಿ ಮರ್ಯಾದೆಯಿಂದ ಬದುಕಿದ್ದೆ. ಮದುವೆಯಾದ ಮೇಲೆ ಮುಂಡಾಜೆಯ ಹೆಂಡತಿಯ ಮನೆಗೆ ಹೋದ ಮೊದಲ ದಿನವೇ ಹುಂಜವೊಂದು ಎದುರು ನಿಂತಿತು. ನಾನು ಕಾರಿನೊಳಗೆ ವಾಪಸು ಕೂತು ಗಾಜು ಏರಿಸಿದೆ. ಅತ್ತೆ ಓಡಿ ಬಂದು ಹುಂಜದ ಮೇಲೆ ಬುಟ್ಟಿ ಮುಚ್ಚಿದರು.

"ನೀವು ಒಳಗೆ ಬನ್ನಿ. ಅದರ ವಿಷಯ ನಾನು ನೋಡಿಕೊಳ್ತೇನೆ."

ನೋಡಿಕೊಂಡರು. ಮಧ್ಯಾಹ್ನ ಅದು ಸುಕ್ಕವಾಗಿ ನೀರುದೋಸೆಯ ಪಕ್ಕದಲ್ಲಿತ್ತು.

ಅಂದಿನಿಂದ ಅದೇ ಪದ್ಧತಿಯಾಯಿತು. ನಾನು ಬೆಚ್ಚಿಬೀಳುವುದು, ಅತ್ತೆ ಬುಟ್ಟಿ ಮುಚ್ಚುವುದು, ಮಧ್ಯಾಹ್ನ ಎಲ್ಲರೂ ಸುಕ್ಕ ತಿನ್ನುವುದು. "ಭಾವ, ಈ ಸಲ ಆ ಕೆಂಪು ಹುಂಜಕ್ಕೆ ಹೆದರಿ, ಒಳ್ಳೆ ಬೆಳೆದುಂಟು" ಎಂದು ಹೆಂಡತಿಯ ತಮ್ಮ ಮೊದಲೇ ಕಿವಿಯಲ್ಲಿ ಹೇಳುತ್ತಿದ್ದ. ಇಡೀ ಮನೆಗೆ ನನ್ನ ಹೆದರಿಕೆಯಿಂದ ಲಾಭವಿತ್ತು. ಅದನ್ನು ವಾಸಿ ಮಾಡಬೇಕೆಂದು ಯಾರಿಗೂ ಅನ್ನಿಸಲಿಲ್ಲ, ನನಗೂ ಅನ್ನಿಸಲಿಲ್ಲ.

ಅನ್ನಿಸಿದ್ದು ಮಗಳಿಗೆ. ಏಳು ವರ್ಷದ ಅವಳು ಬೇಸಿಗೆ ರಜೆಯಲ್ಲಿ ಅಜ್ಜಿಮನೆಯಲ್ಲಿ ತಾಯಿ ಇಲ್ಲದ ಮರಿಯೊಂದನ್ನು ಕೈಯಲ್ಲೇ ಸಾಕಿದಳು. ಅದೊಂದು ಬಿಳಿ ಹುಂಜವಾಗಿ ಬೆಳೆಯತೊಡಗಿತು. ಅದಕ್ಕೆ ಅವಳು ಇಟ್ಟ ಹೆಸರನ್ನು ಈಗ ನಮ್ಮ ಮನೆಯಲ್ಲಿ ಯಾರೂ ಹೇಳುವುದಿಲ್ಲ. "ಪಪ್ಪ, ನೀವು ಇದಕ್ಕೆ ಹೆದರಬಾರದು" ಎಂದಳು. ನಾನು ಹೆದರಿದ ಹುಂಜಗಳ ಗತಿ ಏನಾಗುತ್ತದೆಂದು ಅವಳು ನೋಡಿದ್ದಳು.

ಮೂಡಬಿದಿರೆಯಲ್ಲಿ ಕಾಲೇಜು ಮಕ್ಕಳಿಗೆ ಮನಶ್ಶಾಸ್ತ್ರ ಕಲಿಸುವ ಗೆಳೆಯನೊಬ್ಬನಿದ್ದಾನೆ. ಅವನ ಹತ್ತಿರ ಹೋಗಿ ಎಲ್ಲ ಹೇಳಿದೆ. "ಓಡಿಹೋದದ್ದಕ್ಕೆ ಸುಕ್ಕ ಸಿಕ್ಕಿದರೆ ನಿಲ್ಲುವವರು ಯಾರು ಮಾರಾಯ?" ಎಂದು ನಕ್ಕ. "ಇನ್ನು ನಿಂತದ್ದಕ್ಕೆ ಬಹುಮಾನ ತೆಗೆದುಕೋ. ಓಡಿದ ದಿನ ಏನೂ ಇಲ್ಲ."

ಬಹುಮಾನ ಎಣ್ಣೆಯಲ್ಲಿ ಕರಿದ ಗೋಳಿಬಜೆ ಎಂದು ತೀರ್ಮಾನವಾಯಿತು. ಭಾನುವಾರಗಳಲ್ಲಿ ಮಗಳೊಂದಿಗೆ ಮುಂಡಾಜೆಗೆ ಹೋದಾಗ ದನದ ಹಟ್ಟಿಯ ಹಿಂದೆ, ಅತ್ತೆಗೆ ಕಾಣದ ಹಾಗೆ, ನನ್ನ ಪಾಠ ನಡೆಯುತ್ತಿತ್ತು. ಹುಂಜದಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತರೆ ಒಂದು ಬಜೆ, ಐದು ಹೆಜ್ಜೆಗೆ ಎರಡು. ಪೊಟ್ಟಣ ಹಿಡಿದ ಮಗಳು ಒಂದು ಹೆಜ್ಜೆಗೂ ರಿಯಾಯಿತಿ ಕೊಡುತ್ತಿರಲಿಲ್ಲ. ಕೆಲವೇ ತಿಂಗಳಲ್ಲಿ ನನ್ನ ಧೈರ್ಯವೂ ಹೊಟ್ಟೆಯೂ ಸಮನಾಗಿ ಬೆಳೆದವು. ಕೊನೆಗೊಂದು ಭಾನುವಾರ ಆ ಹುಂಜ ನನ್ನ ಅಂಗೈಯಿಂದ ಅಕ್ಕಿ ಹೆಕ್ಕಿತು. ಮಗಳು ಪೊಟ್ಟಣ ಬಿಸಾಡಿ ನನ್ನ ಕುತ್ತಿಗೆ ತಬ್ಬಿಕೊಂಡಳು. ಅಷ್ಟು ಸಂತೋಷ ನನಗೆ ಯಾವ ಸುಕ್ಕದಿಂದಲೂ ಆಗಿರಲಿಲ್ಲ.

ದಸರಾ ರಜೆಗೆ ಹೊರಡುವ ಹಿಂದಿನ ದಿನ ಅತ್ತೆ ಫೋನ್ ಮಾಡಿದರು. "ಅಂಗಳದಲ್ಲಿ ಹುಂಜಗಳು ತಿರುಗ್ತಾ ಉಂಟು. ನಿಮಗೆ ಹೆದರಿಕೆ ಈಗಲೂ ಉಂಟಲ್ಲ?"

ಇಲ್ಲ ಎನ್ನಬೇಕಿತ್ತು. ಇರಲೂ ಇಲ್ಲ. ಆದರೆ ಹತ್ತು ವರ್ಷದ ಅಭ್ಯಾಸ, ಬಾಯಲ್ಲಿ ನೀರೂರಿತು. "ಸ್ವಲ್ಪ ಉಂಟು ಅತ್ತೆ" ಎಂದೆ. ಯಾವ ಹುಂಜವೆಂದು ಕೇಳಲಿಲ್ಲ.

ಮರುದಿನ ಮಗಳು ಕಾರಿನಿಂದ ಇಳಿದವಳೇ ಅಕ್ಕಿ ಹಿಡಿದು ಹಟ್ಟಿಯ ಹಿಂದೆ ಓಡಿದಳು. ಹೆಸರು ಹಿಡಿದು ಕರೆದಳು, ಮತ್ತೆ ಕರೆದಳು. ಅತ್ತೆ ಅಡುಗೆಮನೆಯಿಂದಲೇ ಹೇಳಿದರು: "ಬೇರೆ ಹುಂಜ ಹಿಡಿಯಲಿಕ್ಕೆ ಸಿಗಲಿಲ್ಲ ಮಗಾ. ಅದು ಕರೆದ ಕೂಡಲೇ ಕೈಗೆ ಬಂತು. ನಿನಗೆ ಇನ್ನೊಂದು ಮರಿ ಕೊಡುವ."

ಮಗಳು ನನ್ನ ಮುಖ ನೋಡಿದಳು. "ಪಪ್ಪ, ನೀವು ಹೆದರ್ತೇನೆ ಅಂತ ಹೇಳಿದ್ದಾ?"

ನಾನು ಕೈ ತೊಳೆಯಲು ಹೋದೆ. ಅತ್ತೆಗೆ ಬೇಸರವಾಗಬಾರದೆಂದು ಊಟಕ್ಕೆ ಕೂತೆ. ಎರಡನೆಯ ಸಲವೂ ಬಡಿಸಿಕೊಂಡೆ. ಆ ಮಧ್ಯಾಹ್ನವನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಈಗ ನನಗೆ ಹುಂಜದ ಹೆದರಿಕೆ ಇಲ್ಲವೇ ಇಲ್ಲ. ಗೆಳೆಯ ತರಗತಿಯಲ್ಲಿ ನನ್ನನ್ನು ಉದಾಹರಣೆಯಾಗಿ ಹೇಳುತ್ತಾನಂತೆ. ರಜೆಯಲ್ಲಿ ಮಗಳನ್ನು ಕರೆತರಲು ಮುಂಡಾಜೆಗೆ ನಾನೇ ಹೋಗುತ್ತೇನೆ. ಅಂಗಳದಲ್ಲಿ ನನ್ನ ಕಾರಿನ ಸದ್ದು ಕೇಳಿದರೆ ಅವಳು ಮರಿಗಳನ್ನೆಲ್ಲ ಗಡಿಬಿಡಿಯಲ್ಲಿ ಬುಟ್ಟಿಯಡಿ ಮುಚ್ಚಿ, ಅದರ ಮೇಲೆ ಕೈಯಿಟ್ಟು ಕೂರುತ್ತಾಳೆ.